ಬರ್ಕ್ಲಿಯ ಎರಡು ಆದರ್ಶವಾದ, ಡಿಡೆರೋನ ಒಂದು ಭೌತವಾದ

ಆಫೀಸಲ್ಲಿ ಲಂಚ ಮುಟ್ಟದವರನ್ನ, ವರದಕ್ಷಿಣೆ ಬೇಡವೇ ಬೇಡ ಅನ್ನೋ ಹುಡುಗನ್ನ ನಮ್ಮ ಜನ ಐಡಿಯಲಿಸ್ಟ್, ಅಂದ್ರೆ ಆದರ್ಶವಾದಿ ಅಂತಾರೆ, ಅದರಲ್ಲಿ ಅರ್ಧ ಹೊಗಳಿಕೆ, ಇನ್ನರ್ಧ ಇವನು ಹೆಂಗಪ್ಪಾ ಬಾಳ್ತಾನೆ ಅನ್ನೋ ಕನಿಕರ. ಫಿಲಾಸಫಿ ಕ್ಲಾಸಲ್ಲಿ ಅದೇ ಐಡಿಯಲಿಸಂಗೂ ನಡತೆಗೂ ಸಂಬಂಧಾನೇ ಇಲ್ಲ. ಅಲ್ಲಿ ಕೇಳೋದು ಬೇರೆ, ಕಾಣೋ ಜಗತ್ತು ಮನಸ್ಸಿನ ಹಂಗಿಲ್ಲದೆ ತಾನಾಗೇ ಇದೆಯಾ ಅಥವಾ ಎಲ್ಲಕ್ಕೂ ಮನಸ್ಸೇ ಮೂಲಾನಾ ಅಂತ. ಇವೆರಡನ್ನ ಕಲಸಿಬಿಟ್ರೆ ಮನುಷ್ಯರನ್ನ ಅಳೆಯೋದ್ರಲ್ಲಿ ದೊಡ್ಡ ತಪ್ಪಾಗುತ್ತೆ.

ಪ್ಲೇಟೋ ಹತ್ರ ಇವೆರಡೂ ಬೇರೆ ಆಗಿರ್ಲಿಲ್ಲ. ಒಳಿತು ಅನ್ನೋದೇ ಅತಿ ನಿಜವಾದದ್ದು, ಬದುಕು ತಿರುಗಬೇಕಾದದ್ದೂ ಅದರ ಕಡೆಗೇ ಅನ್ನೋದು ಅವನ ನಂಬಿಕೆ. ಎರಡರ ನಡುವಿನ ಬಿರುಕು ಚೆನ್ನಾಗಿ ಕಾಣೋದು 18ನೇ ಶತಮಾನದ ತತ್ವಜ್ಞಾನಿ ಜಾರ್ಜ್ ಬರ್ಕ್ಲಿಯಲ್ಲಿ. 1685ರಲ್ಲಿ ಐರ್ಲೆಂಡಲ್ಲಿ ಹುಟ್ಟಿದವನು, ಮುಂದೆ ಬಿಷಪ್ ಆದ. 1710ರಲ್ಲಿ ಬರೆದ ಪುಸ್ತಕದಲ್ಲಿ ಅವನು ಹೇಳೋದು ಇಷ್ಟು: ವಸ್ತು ಇದೆ ಅಂದ್ರೆ ಅದು ಯಾವುದೋ ಮನಸ್ಸಿನ ಅರಿವಿಗೆ ಬರ್ತಿದೆ ಅಂತ, ನಾವು ನೋಡದಾಗ ದೇವರ ಅರಿವಲ್ಲಿ ಇರುತ್ತೆ. 1763ರಲ್ಲಿ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಒಂದು ಕಲ್ಲಿಗೆ ಜೋರಾಗಿ ಒದ್ದು, ಬರ್ಕ್ಲಿಯ ವಾದಕ್ಕೆ ಇದೇ ನನ್ನ ಖಂಡನೆ ಅಂದನಂತೆ. ಆದ್ರೆ ಬರ್ಕ್ಲಿ ಕಲ್ಲು ಗಟ್ಟಿ ಇಲ್ಲ ಅಂತ ಎಲ್ಲೂ ಹೇಳಿಲ್ಲ, ಆ ಗಟ್ಟಿತನ, ಕಾಲಿಗಾದ ನೋವು ಎಲ್ಲಾ ಅನುಭವಾನೇ ತಾನೇ ಅನ್ನೋದೇ ಅವನ ವಾದ.

ನಮಗೆ ಈ ಜಗಳ ಹೊಸದೇನಲ್ಲ. ಹೊರಗೆ ವಸ್ತು ಇಲ್ದೇನೂ ಕನಸಲ್ಲಿ ಎಲ್ಲಾ ಕಾಣುತ್ತಲ್ಲ ಅಂತ ಬೌದ್ಧ ವಸುಬಂಧು ವಾದಿಸಿದ್ದ, ಜಗತ್ತು ಮಿಥ್ಯೆ ಅಂದ ಶಂಕರರೇ ಬ್ರಹ್ಮಸೂತ್ರ ಭಾಷ್ಯದಲ್ಲಿ ಎಚ್ಚರ ಬೇರೆ ಕನಸು ಬೇರೆ ಅಂತ ಆ ವಾದವನ್ನ ತಳ್ಳಿಹಾಕಿದ್ರು, ಉಡುಪಿಯ ಮಧ್ವರಂತೂ ಜಗತ್ತು ಸತ್ಯವೇ ಅಂದ್ರು.

ಇನ್ನು ಬರ್ಕ್ಲಿಯ ಇನ್ನೊಂದು ಮುಖ. ದಿನಬಳಕೆ ಅರ್ಥದಲ್ಲೂ ಅವನು ಐಡಿಯಲಿಸ್ಟೇ. ಬರ್ಮುಡಾ ದ್ವೀಪದಲ್ಲಿ ಕಾಲೇಜ್ ಕಟ್ಟಿ ಅಮೆರಿಕದ ವಸಾಹತುಗಾರರ ಮಕ್ಕಳಿಗೂ ಮೂಲನಿವಾಸಿ ಮಕ್ಕಳಿಗೂ ಓದಿಸ್ಬೇಕು ಅಂತ ಹೊರಟ, ಅದಕ್ಕಾಗಿ ಒಳ್ಳೇ ಆದಾಯದ ಚರ್ಚ್ ಹುದ್ದೆ ಬಿಡೋಕೂ ತಯಾರಾದ, ಪಾರ್ಲಿಮೆಂಟ್ 20,000 ಪೌಂಡ್ ಕೊಡ್ತೀವಿ ಅಂತು, ಅವನು 1728ರಲ್ಲಿ ಹಡಗು ಹತ್ತಿ ರೋಡ್ ಐಲೆಂಡಿಗೆ ಹೋಗಿ ಕಾದ, ದುಡ್ಡು ಬರಲೇ ಇಲ್ಲ, 1731ರಲ್ಲಿ ವಾಪಸ್ ಬಂದ. ತನ್ನ ಫಾರ್ಮ್ ಮತ್ತು ಎಷ್ಟೋ ಪುಸ್ತಕಗಳನ್ನ ಯೇಲ್ ಕಾಲೇಜಿಗೆ ಕೊಟ್ಟ. ಇಲ್ಲಿಗೇ ನಿಲ್ಲಿಸಿದ್ರೆ ಮಹಾತ್ಮನ ಕಥೆ ಆಗ್ತಿತ್ತು. ಆದ್ರೆ ಆ ಫಾರ್ಮಿಗೆ ಅವನು ಗುಲಾಮರನ್ನ ಕೊಂಡಿದ್ದ, ಕಾಲೇಜಿನ ಯೋಜನೆಯಲ್ಲೇ ಶತ್ರುಗಳ ಮಕ್ಕಳನ್ನ ಸೆರೆಹಿಡಿದು ತರಬಹುದು ಅಂತ ಬರೆದಿದ್ದ. ಅದು ಓದಿದಾಗ ನನಗೆ ನಿಜವಾಗ್ಲೂ ಸಂಕಟ ಆಯ್ತು. ಡಬ್ಲಿನ್‌ನ ಟ್ರಿನಿಟಿ ಕಾಲೇಜು 2023ರಲ್ಲಿ ತನ್ನ ಲೈಬ್ರರಿಯಿಂದ ಅವನ ಹೆಸರು ತೆಗೀತು, ನನ್ನ ಪ್ರಕಾರ ಸರಿಯಾಗೇ ಮಾಡ್ತು, ಅದರಿಂದ ಅವನ ತತ್ವಶಾಸ್ತ್ರದ ವಾದ ಸುಳ್ಳೂ ಆಗಲ್ಲ ನಿಜಾನೂ ಆಗಲ್ಲ.

ಮುಂದೆ ಜರ್ಮನ್ ತತ್ವಜ್ಞಾನಿ ಕಾಂಟ್ 1781ರಲ್ಲಿ ತನ್ನದೇ ಒಂದು ಐಡಿಯಲಿಸಂ ತಂದ, ಆಮೇಲೆ ಬಂದ ಹೆಗೆಲ್ ಅದನ್ನ ಇಡೀ ಇತಿಹಾಸಕ್ಕೆ ಹಬ್ಬಿಸಿದ, ಮಾರ್ಕ್ಸ್ ಅದನ್ನ ತಿರಸ್ಕರಿಸಿ ಮನುಷ್ಯನ ದುಡಿಮೆ, ಉತ್ಪಾದನೆಯಿಂದ ಶುರುಮಾಡಿದ. ಆಗಿಂದ ಎಡಪಂಥದವರ ಬಾಯಲ್ಲಿ ಐಡಿಯಲಿಸ್ಟ್ ಅನ್ನೋದು ಬೈಗುಳ, ಅವರ ವಿರೋಧಿಗಳ ಬಾಯಲ್ಲಿ ಭೌತವಾದಿ, ಅಂದ್ರೆ ಎಲ್ಲಕ್ಕೂ ದ್ರವ್ಯವೇ ಮೂಲ ಅನ್ನೋನು, ತಿಂದುಂಡು ದುಡ್ಡಿನ ಹಿಂದೆ ಓಡೋನು. ಈ ಗೊಂದಲವನ್ನ ನೇರವಾಗಿ ಹಿಡಿದವನು ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್. 1886ರಲ್ಲಿ ಜರ್ಮನ್ ತತ್ವಜ್ಞಾನಿ ಫಾಯರ್‌ಬಾಕ್ ಬಗ್ಗೆ ಬರೀತಾ, ಕುಡಿತ ದುರಾಸೆಗಳನ್ನೆಲ್ಲ ಭೌತವಾದದ ಲೆಕ್ಕಕ್ಕೆ, ಸದ್ಗುಣಗಳನ್ನೆಲ್ಲ ಐಡಿಯಲಿಸಂ ಲೆಕ್ಕಕ್ಕೆ ಬರೆಯೋ ಜನರನ್ನ ತರಾಟೆಗೆ ತಗೊಂಡ, ಸತ್ಯಕ್ಕೂ ನ್ಯಾಯಕ್ಕೂ ಬದುಕನ್ನೇ ಕೊಟ್ಟವನು ಅಂತ ಫ್ರೆಂಚ್ ಲೇಖಕ ಡಿಡೆರೋನ ಹೆಸರು ಹೇಳಿದ. ಆ ಡಿಡೆರೋ ಮನಸ್ಸೂ ದ್ರವ್ಯದಿಂದಲೇ ಹುಟ್ಟೋದು ಅಂತಿದ್ದ ಪಕ್ಕಾ ಭೌತವಾದಿ. 1749ರಲ್ಲಿ ಬರವಣಿಗೆಗಾಗಿ ಜೈಲಿಗೆ ಹೋದ, 1759ರಲ್ಲಿ ಸರ್ಕಾರ ಅವನ ವಿಶ್ವಕೋಶ ನಿಷೇಧಿಸ್ತು, ಜೊತೆಗಾರ ದಲಂಬೇರ್ ಬಿಟ್ಟು ಹೋದ, ಆದ್ರೂ ಡಿಡೆರೋ ಬಿಡದೆ 1772ರ ಹೊತ್ತಿಗೆ ಚಿತ್ರಗಳ ಸಂಪುಟಗಳೂ ಸೇರಿ 28 ಸಂಪುಟ ಮುಗಿಸಿದ.