ಸುರಪುರ ಶೈಲಿಯ ಚಿತ್ರಗಳ ಚಿನ್ನ ಮುದ್ರಣದಲ್ಲಿ ಏಕೆ ಕಪ್ಪಾಗುತ್ತದೆ?

ಕಲಬುರಗಿಯ ಕಲಾವಿದರು ತಮ್ಮ ಚಿತ್ರದ ಡಿಜಿಟಲ್ ಪ್ರತಿ ಮಾಡಿಸಲು ಬಂದಾಗ ಮೊದಲು ಕೇಳುವುದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್‌ನದು ಎಂದು. ಅದರ ಲೆಕ್ಕ ಸರಳ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು. 12×18 ಇಂಚಿನ ಚಿತ್ರವನ್ನು ಅದೇ ಅಳತೆಯಲ್ಲಿ ಮುದ್ರಿಸಲು 3600×5400 ಪಿಕ್ಸೆಲ್ ಸಾಕು, 24 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಅಷ್ಟನ್ನು ಕೊಡುತ್ತದೆ. ಚಿತ್ರ ಇನ್ನೂ ದೊಡ್ಡದಿದ್ದರೆ ಭಾಗಭಾಗವಾಗಿ ತೆಗೆದು ಜೋಡಿಸಬಹುದು. ನಾನು ನೋಡಿದ ಕೆಟ್ಟ ಪ್ರತಿಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಬೆಳಕಿನಿಂದ.

ಕಿಟಕಿಯಿಂದ ಬಿಸಿಲು, ಮೇಲಿನಿಂದ ಟ್ಯೂಬ್‌ಲೈಟ್, ಪಕ್ಕದಲ್ಲಿ ಹಳದಿ ಗೋಡೆ: ಈ ಮೂರೂ ಒಂದೇ ಚಿತ್ರದ ಮೇಲೆ ಬಿದ್ದರೆ ಆಮೇಲೆ ಯಾವ ತಂತ್ರಾಂಶವೂ ಬಣ್ಣವನ್ನು ಪೂರ್ತಿ ಸರಿಪಡಿಸಲಾರದು. ಕೋಣೆಯನ್ನು ಕತ್ತಲು ಮಾಡಿ, ಒಂದೇ ಬಗೆಯ ಎರಡು ದೀಪಗಳನ್ನು ಎಡಬಲದಲ್ಲಿ 45 ಡಿಗ್ರಿ ಕೋನದಲ್ಲಿ, ಆದಷ್ಟು ದೂರದಲ್ಲಿ ನಿಲ್ಲಿಸಬೇಕು. ದೀಪದ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಂಕ) 95ಕ್ಕಿಂತ ಕಡಿಮೆ ಇರಬಾರದು. ಚಿತ್ರದ ಜಾಗದಲ್ಲಿ ಬಿಳಿ ಹಾಳೆ ಇಟ್ಟು ನಾಲ್ಕು ಮೂಲೆ ಮತ್ತು ನಡುವಿನ ಬೆಳಕು ಸಮನಾಗಿದೆಯೇ ಎಂದು ಅಳೆಯಿರಿ. ಅದೇ ಜಾಗದಲ್ಲಿ ಚಿಕ್ಕ ಕನ್ನಡಿಯನ್ನು ಒರಗಿಸಿ ಕ್ಯಾಮೆರಾದಲ್ಲಿ ನೋಡಿದಾಗ ಲೆನ್ಸ್‌ನ ಬಿಂಬ ನಟ್ಟನಡುವೆ ಕಂಡರೆ ಕ್ಯಾಮೆರಾ ನೇರವಾಗಿದೆ ಎಂದರ್ಥ. ತೆಗೆಯುವವರು ಕಪ್ಪು ಅಂಗಿ ತೊಟ್ಟರೆ ಒಳ್ಳೆಯದು, ಬಿಳಿ ಅಂಗಿಯ ಬೆಳಕೂ ವಾರ್ನಿಶ್‌ನಲ್ಲಿ ಮೂಡುತ್ತದೆ.

ಚಿತ್ರಕಾರ ಎಸ್.ಎಂ. ಪಂಡಿತರು ಹುಟ್ಟಿದ ಊರಿದು, ವಾರ್ನಿಶ್ ಹಚ್ಚಿದ ತೈಲವರ್ಣ ಚಿತ್ರಗಳು ನನ್ನ ಬಳಿ ಬರುತ್ತಲೇ ಇರುತ್ತವೆ. ಅವುಗಳ ಕಣ್ಣುಕುಕ್ಕುವ ಹೊಳಪನ್ನು ತೆಗೆಯಲು ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಕಟ್ಟಿ, ಲೆನ್ಸ್‌ಗೆ ಪೋಲರೈಸಿಂಗ್ ಫಿಲ್ಟರ್ ಹಾಕಿ, ಒಂದಕ್ಕೊಂದು ಅಡ್ಡವಾಗುವಂತೆ ತಿರುಗಿಸುತ್ತೇವೆ. ಹೊಳಪು ಮಾಯವಾಗಿ ಅಡಿಯ ಬಣ್ಣ ತುಂಬಿಕೊಂಡು ಕಾಣುತ್ತದೆ. ಬಣ್ಣವನ್ನು ದಪ್ಪವಾಗಿ ಮೆತ್ತಿದ ಚಿತ್ರವಾದರೆ ಫಿಲ್ಟರನ್ನು ಆ ಅಡ್ಡ ಸ್ಥಿತಿಯಿಂದ ತುಸು ಹಿಂದಕ್ಕೆ ತಿರುಗಿಸುತ್ತೇನೆ, ಇಲ್ಲವಾದರೆ ಕುಂಚದ ಏರಿಳಿತ ಸತ್ತುಹೋಗುತ್ತದೆ.

ಇದೇ ವಿಧಾನವನ್ನು ಚಿನ್ನದ ರೇಕು ಅಂಟಿಸಿದ ಸುರಪುರ ಶೈಲಿಯ ಚಿತ್ರಕ್ಕೆ ಹಾಗೆಯೇ ಬಳಸಿದರೆ ಅನಾಹುತವಾಗುತ್ತದೆ. ಲೋಹದ ಕಾಂತಿಯೆಲ್ಲ ಪ್ರತಿಫಲನದಿಂದಲೇ ಬರುವುದು. ಪ್ರತಿಫಲನವನ್ನು ತಡೆದೊಡನೆ ದೇವರ ಕಿರೀಟ, ಕಂಠೀಹಾರ, ಪ್ರಭಾವಳಿ ಎಲ್ಲವೂ ಕಂದುಗಪ್ಪಾಗುತ್ತವೆ. ಬಿದರಿ ತಟ್ಟೆಯಲ್ಲಿ ಇನ್ನೂ ಕಷ್ಟ: ಬೆಳ್ಳಿಯ ಕುಸುರಿಯೂ ಕಪ್ಪಾಗಿ, ಕಪ್ಪು ಮೈಯೊಳಗೆ ಮುಳುಗಿಬಿಡುತ್ತದೆ.

ಆದ್ದರಿಂದ ಸುರಪುರದ ಚಿತ್ರವನ್ನು ಎರಡು ಸಲ ತೆಗೆಯಬೇಕು, ನಡುವೆ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಮೊದಲನೆಯದು ಫಿಲ್ಟರ್ ಹಾಕಿ, ಬಣ್ಣಕ್ಕಾಗಿ. ಎರಡನೆಯದು ಪೋಲರೈಸಿಂಗ್ ಹಾಳೆ, ಫಿಲ್ಟರ್ ಎರಡನ್ನೂ ತೆಗೆದು, ಚಿನ್ನಕ್ಕಾಗಿ. ಈ ಸಲ ಕ್ಯಾಮೆರಾದ ಒಂದು ಪಕ್ಕಕ್ಕೆ ಅಗಲವಾದ ಬಿಳಿ ಬಟ್ಟೆ ಕಟ್ಟಿ ಅದಕ್ಕೆ ದೀಪ ಬಿಡುತ್ತೇನೆ. ಬಟ್ಟೆಯ ಬೆಳಕು ಚಿನ್ನದಲ್ಲಿ ಒಂದು ಬದಿಗೆ ಗಾಢವಾಗಿ, ಇನ್ನೊಂದು ಬದಿಗೆ ಇಳಿಯುತ್ತಾ ಹೋಗುತ್ತದೆ. ಈ ಇಳಿಕೆ ಬೇಕೇ ಬೇಕು. ಮುದ್ರಣಯಂತ್ರದ ಸಾಮಾನ್ಯ ಶಾಯಿಯಲ್ಲಿ ಚಿನ್ನವಿಲ್ಲ, ಹಳದಿ ಮತ್ತು ಕಂದು ಮಾತ್ರ. ಬೆಳಕು ಹೀಗೆ ಏರಿಳಿದಾಗ ಕಣ್ಣು ಅದನ್ನು ಲೋಹವೆಂದು ಒಪ್ಪುತ್ತದೆ, ಸಮನಾದ ಹಳದಿಯನ್ನು ಒಪ್ಪುವುದಿಲ್ಲ. ಆಮೇಲೆ ಫೋಟೊಶಾಪ್‌ನಲ್ಲಿ ಎರಡೂ ಫೋಟೊಗಳನ್ನು ಒಂದರ ಮೇಲೊಂದು ಪದರವಾಗಿ ಇಟ್ಟು, ಎರಡನೆಯ ಪದರದಿಂದ ಚಿನ್ನದ ಭಾಗವನ್ನಷ್ಟೇ ಉಳಿಸಿಕೊಳ್ಳಬೇಕು. ಮಣಿಮಣಿಯಾದ ಸರಗಳ ಅಂಚು ಹಿಡಿಯುವುದು ತಾಳ್ಮೆ ಬೇಡುವ ಕೆಲಸ. ಮೂಲ ಕಲಾವಿದ ಒಂದೊಂದು ಮಣಿಯನ್ನೂ ಕೈಯಿಂದ ಕೂರಿಸಿದ್ದಾನೆ, ನಾವು ಅವಸರ ಮಾಡುವುದು ಸಲ್ಲದು.

ಹಳೆಯ ಚಿತ್ರಗಳನ್ನು ದಯವಿಟ್ಟು ಸ್ಕ್ಯಾನರ್‌ನ ಗಾಜಿನ ಮೇಲೆ ಮಗುಚಬೇಡಿ. ಒತ್ತಡಕ್ಕೆ ರೇಕು ಏಳುತ್ತದೆ, ಒಣಗಿದ ಬಣ್ಣ ಉದುರುತ್ತದೆ.

ಬಣ್ಣದ ಹೊಂದಾಣಿಕೆಗೆ 24 ಚೌಕಗಳ ಬಣ್ಣದ ಪಟ್ಟಿಯನ್ನು ಅದೇ ಬೆಳಕಿನಲ್ಲಿ ಇಟ್ಟು, ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆದರೆ ಕ್ಯಾಮೆರಾಕ್ಕೆ ಪ್ರೊಫೈಲ್ (ಅದರ ಬಣ್ಣದ ತಪ್ಪನ್ನು ತಿದ್ದುವ ಕಡತ) ಮಾಡಿಕೊಳ್ಳಬಹುದು. ಆದರೂ ಕೋಬಾಲ್ಟ್ ನೀಲಿ ನೇರಳೆಯತ್ತ ವಾಲುವುದುಂಟು. ಆ ಬಣ್ಣ ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಬೆಳಕನ್ನೂ ಚೆಲ್ಲುತ್ತದೆ, ಕ್ಯಾಮೆರಾ ಅದನ್ನು ಹಿಡಿದುಬಿಡುತ್ತದೆ. ಮೂಲಚಿತ್ರವನ್ನು 5000 ಕೆಲ್ವಿನ್‌ನ, ಹಗಲಿನಂಥ ಬಿಳಿ ಬೆಳಕಿನ ದೀಪದ ಕೆಳಗೆ ಪಕ್ಕದಲ್ಲಿಟ್ಟುಕೊಂಡು ಕಣ್ಣಳತೆಯಲ್ಲೇ ತಿದ್ದಬೇಕು. ಅದಕ್ಕೇ ಮುದ್ರಣದ ಮಾದರಿ ಹೊರಬರುವವರೆಗೂ ಚಿತ್ರವನ್ನು ನನ್ನಲ್ಲೇ ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಅಂತಿಮ ಫೈಲ್ 16 ಬಿಟ್‌ನ ಟಿಫ್ (ಬಣ್ಣದ ವಿವರ ಕಳೆದುಕೊಳ್ಳದ ಕಡತ) ಆಗಿರಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗುತ್ತದೆ, ಪೆನ್‌ಡ್ರೈವ್ ತನ್ನಿ. ಪಿಗ್ಮೆಂಟ್ ಶಾಯಿ, ಆಮ್ಲರಹಿತ ಹತ್ತಿ ಕಾಗದ ಆರಿಸಿಕೊಂಡರೆ ಬಣ್ಣ ಬಹುಕಾಲ ಬಾಳುತ್ತದೆ, ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಿ.

ಚಿತ್ರ ಕೊಂಡವರಿಗೂ ಒಂದು ಮಾತು. ಸಿದ್ಧ ಚಿತ್ರವನ್ನು ಕೊಂಡ ಮಾತ್ರಕ್ಕೆ ಅದರ ಪ್ರತಿ ಮುದ್ರಿಸಿ ಮಾರುವ ಹಕ್ಕು ಬರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಅನುಮತಿಯನ್ನು ಬರಹದಲ್ಲಿ ಪಡೆದು, ಎಷ್ಟು ಪ್ರತಿ, ಯಾವ ಅಳತೆ ಎಂಬುದನ್ನೂ ಅದರಲ್ಲೇ ನಮೂದಿಸಿಕೊಂಡು ಬನ್ನಿ.