ಹಾಡಿನೊಳಗಿನ 'ನಾನು' ಮತ್ತು ಕಟಕಟೆಯ ಆರೋಪಿ

ಆರೋಪಿಗಳ ಪರ ವಾದಿಸುವ ನಮ್ಮಂಥ ವಕೀಲರ ಕೈಗೆ ಈಚೆಗೆ ಬರುವ ಆರೋಪಪಟ್ಟಿಗಳಲ್ಲಿ ಮೊಬೈಲ್‌ನಿಂದ ತೆಗೆದ ಸಾಲುಗಳೂ ಸೇರಿರುತ್ತವೆ. ವಾಟ್ಸ್‌ಆ್ಯಪ್ ಸ್ಟೇಟಸ್, ಸಿನಿಮಾ ಸಂಭಾಷಣೆ, ಹಾಡಿನ ತುಣುಕು, ಹೀಗೆ. ಅವನ್ನು ತಪ್ಪೊಪ್ಪಿಗೆಯಂತೆ ಓದಲು ಹೊರಟಾಗಲೆಲ್ಲ ನನಗೆ ಅಮೆರಿಕದ ರ್‍ಯಾಪ್ ಗಾಯಕ ಟುಪಾಕ್ ಶಕೂರ್‌ನ ಮೊದಲ ಆಲ್ಬಮ್ ನೆನಪಾಗುತ್ತದೆ.

'ಟುಪಾಕಲಿಪ್ಸ್ ನೌ' ಅಮೆರಿಕದಲ್ಲಿ ಬಿಡುಗಡೆಯಾದದ್ದು 1991ರ ನವೆಂಬರ್‌ನಲ್ಲಿ. ಆಗ ಟುಪಾಕ್‌ಗೆ ಇಪ್ಪತ್ತು ವರ್ಷ. ಆತನ ತಾಯಿ ಅಫೇನಿ ಶಕೂರ್, ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯ ಕಾರ್ಯಕರ್ತೆ. ನ್ಯೂಯಾರ್ಕ್‌ನ ದೊಡ್ಡ ಪಿತೂರಿ ಮೊಕದ್ದಮೆಯಲ್ಲಿ ಬಸುರಿಯಾಗಿದ್ದಾಗಲೇ ತನ್ನ ಪರವಾಗಿ ತಾನೇ ವಾದಿಸಿ, 1971ರ ಮೇ ತಿಂಗಳಲ್ಲಿ ಖುಲಾಸೆಯಾದಾಕೆ. ಮರುತಿಂಗಳು ಮಗ ಹುಟ್ಟಿದ. ಪೊಲೀಸರ ಮೇಲಿನ ಅವಿಶ್ವಾಸವನ್ನು ಆತ ಯಾವ ಹಾಡಿನಿಂದಲೂ ಕಲಿಯಬೇಕಿರಲಿಲ್ಲ. ಪೊಲೀಸರು ಬೀದಿಯಲ್ಲಿ ತಡೆದು ನಿಲ್ಲಿಸುವುದರ ಬಗ್ಗೆ ಹೇಳುವ 'ಟ್ರ್ಯಾಪ್ಡ್' ಹಾಡು ಹೊರಬಂದ ಕೆಲವೇ ವಾರಗಳಲ್ಲಿ, ಓಕ್‌ಲ್ಯಾಂಡ್‌ನಲ್ಲಿ ರಸ್ತೆಯನ್ನು ನಿಯಮ ಮೀರಿ ದಾಟಿದನೆಂದು ಆತನನ್ನೇ ತಡೆದರು. ತನ್ನನ್ನು ಹೊಡೆದರೆಂದು ಆತ ದಾವೆ ಹೂಡಿದ, ಅದು ರಾಜಿಯಲ್ಲಿ ಮುಗಿಯಿತು.

ಆಲ್ಬಮ್‌ಗಳ ಮಾರಾಟ ಅಳೆಯುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 64ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಅದನ್ನು ದೇಶದ ಬಾಯಿಗೆ ತಂದದ್ದು ಒಂದು ಕೊಲೆ. 1992ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಹೆದ್ದಾರಿಯೊಂದರಲ್ಲಿ ಯುವಕನೊಬ್ಬ ತನ್ನ ವಾಹನವನ್ನು ತಡೆದ ಪೊಲೀಸ್ ಅಧಿಕಾರಿಯನ್ನು ಗುಂಡಿಟ್ಟು ಕೊಂದ. ವಾಹನ ಕದ್ದದ್ದು, ಅದರ ಟೇಪ್ ರೆಕಾರ್ಡರ್‌ನಲ್ಲಿದ್ದದ್ದು ಈ ಆಲ್ಬಮ್. ಚುನಾವಣೆಯ ಕಾಲ ಬೇರೆ. ಈ ಹಾಡುಗಳಿಗೆ ನಮ್ಮ ಸಮಾಜದಲ್ಲಿ ಜಾಗವಿಲ್ಲ ಎಂದು ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಸೆಪ್ಟೆಂಬರ್‌ನಲ್ಲಿ ಗುಡುಗಿದರು.

ಹಾಡೇ ಕೊಲ್ಲಿಸಿತು ಎಂಬ ವಾದವನ್ನು ನ್ಯಾಯಾಲಯದೊಳಕ್ಕೆ ತಂದದ್ದು ಪ್ರಾಸಿಕ್ಯೂಷನ್ ಅಲ್ಲ, ಆರೋಪಿಯ ವಕೀಲರು. ಇದನ್ನು ಕೇಳಿದವರು ಹುಬ್ಬೇರಿಸುತ್ತಾರೆ. ನನಗೆ ಆ ವಕೀಲರ ಇಕ್ಕಟ್ಟು ಅರ್ಥವಾಗುತ್ತದೆ. ಗಲ್ಲು ಎದುರಿಗಿರುವಾಗ ಶಿಕ್ಷೆ ತಗ್ಗಿಸಬಲ್ಲ ಸಣ್ಣ ಕಾರಣವನ್ನೂ ವಕೀಲನಾದವನು ಬಿಡುವಂತಿಲ್ಲ. ಜ್ಯೂರಿ ದಿನಗಟ್ಟಲೆ ಚರ್ಚಿಸಿ 1993ರಲ್ಲಿ ಮರಣದಂಡನೆಯನ್ನೇ ಕೊಟ್ಟಿತು. ಆದರೆ ಆ ವಾದ ನ್ಯಾಯಾಲಯದ ಹೊರಗೆ ಗೆದ್ದಿತು: ಹದಿಮೂರು ಹಾಡುಗಳ ಆಲ್ಬಮ್ ಜನರ ನೆನಪಿನಲ್ಲಿ ಪೊಲೀಸರನ್ನು ಕೊಲ್ಲು ಎನ್ನುವ ಒಂದು ಸಾಲಿಗೆ ಇಳಿಯಿತು.

ಆ ಹದಿಮೂರರಲ್ಲೇ 'ಬ್ರೆಂಡಾಸ್ ಗಾಟ್ ಎ ಬೇಬಿ' ಇದೆ. ಹನ್ನೆರಡು ವರ್ಷದ ಹುಡುಗಿ ಸಂಬಂಧಿಕನಿಂದ ಬಸುರಾಗಿ, ಹೆತ್ತ ಮಗುವನ್ನು ಕಸದ ಡಬ್ಬಿಗೆ ಎಸೆಯುತ್ತಾಳೆ. ಟುಪಾಕ್ ಪತ್ರಿಕೆಯಲ್ಲಿ ಓದಿದ ಸುದ್ದಿಯಿಂದ ಹುಟ್ಟಿದ ಹಾಡು. ಮಗುವಿನ ಅಳು ಕೇಳಿ ಆಕೆ ಅದನ್ನು ಮತ್ತೆ ಎತ್ತಿಕೊಳ್ಳುತ್ತಾಳೆ, ಆದರೆ ಮನೆಯಲ್ಲಿ ಜಾಗವಿಲ್ಲ. ಮಾದಕ ವಸ್ತು ಮಾರಲು ಹೋಗಿ ದರೋಡೆಗೊಳಗಾಗುತ್ತಾಳೆ, ಮೈ ಮಾರಲು ಇಳಿಯುತ್ತಾಳೆ, ಕೊಲೆಯಾಗುತ್ತಾಳೆ. ಇಲ್ಲಿ ಹಾಡುವವನು ಬ್ರೆಂಡಾ ಅಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದೇ ಗಾಯಕ ಬಂದೂಕು ಹಿಡಿದವನ ಮಾತನ್ನು 'ನಾನು' ಎಂದು ಹಾಡಿದ ಕೂಡಲೇ ಅದು ಗಾಯಕನ ಹೇಳಿಕೆಯಾಗುವುದು ಹೇಗೆ? ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಸತ್ತ ಅಧಿಕಾರಿಯ ಕುಟುಂಬ ಆಲ್ಬಮ್‌ನ ಹಿಂದಿದ್ದ ಟೈಮ್ ವಾರ್ನರ್ ಕಂಪನಿಯ ಮೇಲೆ ಹೂಡಿದ ದಾವೆಯನ್ನು ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ 1997ರಲ್ಲಿ ವಜಾ ಮಾಡಿತು. ಆ ತೀರ್ಪನ್ನು ಕಿರಿಯ ವಕೀಲರು ಓದಬೇಕು. ನ್ಯಾಯಾಧೀಶರಿಗೆ ಆಲ್ಬಮ್ ಅಸಹ್ಯ ಹುಟ್ಟಿಸಿತ್ತು, ಅದು ಇಷ್ಟು ಮಾರಾಟವಾದದ್ದೇ ಸಮಾಜದ ಅಧಃಪತನದ ಗುರುತು ಎಂದೂ ಬರೆದರು. ಆದರೂ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ 1969ರ ಬ್ರ್ಯಾಂಡನ್‌ಬರ್ಗ್ ತೀರ್ಪಿನ ಅಳತೆಗೋಲನ್ನು ಬಿಡಲಿಲ್ಲ: ಮಾತು ತಕ್ಷಣದ ಅಪರಾಧವನ್ನು ಪ್ರಚೋದಿಸುವ ಉದ್ದೇಶದ್ದಾಗಿರಬೇಕು, ಅಂಥ ಅಪರಾಧ ನಡೆಯುವ ಸಂಭವವೂ ಇರಬೇಕು. ತಾನು ಮೆಚ್ಚದ ಮಾತಿಗೆ ರಕ್ಷಣೆ ಕೊಟ್ಟ ಆ ನ್ಯಾಯಾಧೀಶರ ಬಗ್ಗೆ ನನಗೆ ಗೌರವವಿದೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 2025ರ ಮಾರ್ಚ್‌ನಲ್ಲಿ ಒಂದು ಕವಿತೆಯ ಮೇಲಿನ ಎಫ್‌ಐಆರ್ ರದ್ದುಪಡಿಸುತ್ತಾ, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಮಾನದಂಡದಿಂದ ಅಳೆಯಬೇಕೆಂದು ಹೇಳಿತು.

ಗಾಯಕನೇ ಆರೋಪಿಯಾದಾಗ ಪ್ರಶ್ನೆ ಬೇರೆ. ನ್ಯೂಜೆರ್ಸಿಯಲ್ಲಿ ಒಬ್ಬನ ಹದಿಮೂರು ಪುಟ ರ್‍ಯಾಪ್ ಸಾಲುಗಳನ್ನು ಜ್ಯೂರಿಗೆ ಓದಿ ಹೇಳಿ ಶಿಕ್ಷೆ ಕೊಡಿಸಿದ್ದರು. 2014ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದು ಸಲ್ಲದೆಂದಿತು. 'ಐ ಶಾಟ್ ದ ಶೆರಿಫ್' ಎಂದು ಹಾಡಿದ ಬಾಬ್ ಮಾರ್ಲಿ ನಿಜವಾಗಿ ಶೆರಿಫ್‌ಗೆ, ಅಂದರೆ ಪೊಲೀಸ್ ಅಧಿಕಾರಿಗೆ, ಗುಂಡು ಹೊಡೆದನೆಂದು ಯಾರೂ ಭಾವಿಸುವುದಿಲ್ಲವಲ್ಲ ಎಂದು ನೆನಪಿಸಿತು. ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನನ್ನೇ ತಂದಿತು. ಸಾಲುಗಳು ಅಪರಾಧದ ಹೊತ್ತಿಗೆ ಹತ್ತಿರದಲ್ಲಿ ಬರೆದವೇ, ಆ ಕೃತ್ಯವನ್ನೇ ಹೋಲುತ್ತವೆಯೇ, ಹೊರಗಿನವರಿಗೆ ತಿಳಿಯದ ವಿವರ ಅವುಗಳಲ್ಲಿದೆಯೇ ಎಂದು ನ್ಯಾಯಾಧೀಶರು ಅಲ್ಲಿ ತೂಗಿ ನೋಡಬೇಕು. ಇಂಥ ಹಾಡು ಅಥವಾ ಸ್ಟೇಟಸ್ ಹಾಜರಾದಾಗ ನಾನು ತನಿಖಾಧಿಕಾರಿಗೆ ಪಾಟೀ ಸವಾಲಿನಲ್ಲಿ ಕೇಳುವುದೂ ಈ ಮೂರನ್ನೇ.