ತೂಕ ಎತ್ತಿದರೆ ಮಗನ ಎತ್ತರ ನಿಂತುಹೋಗುತ್ತದಾ?

"ಸರ್, ಮಗ ಹತ್ತನೇ ಕ್ಲಾಸು. ಜಿಮ್ಮಿಗೆ ಹೋಗ್ತೀನಿ ಅಂತ ಹಟ ಹಿಡಿದಾನ. ಈಗಲೇ ತೂಕ ಎತ್ತಿದ್ರ ಗಿಡ್ಡ ಉಳೀತಾನಂತ, ಖರೇನಾ?"

ಗಂಗಾವತಿ ಕಡೆ ಪಿ.ಟಿ. ಮಾಸ್ತರನಾಗಿ ನಾನು ಅತಿ ಹೆಚ್ಚು ಸಲ ಉತ್ತರಿಸಿದ ಪ್ರಶ್ನೆ ಇದು. ಪಾಲಕರ ಸಭೆಯಲ್ಲಿ ಕೇಳಿದ್ದಾರೆ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಇನ್ನೊಮ್ಮೆ ಹೇಳುತ್ತೇನೆ. ಉಳಿಯುವುದಿಲ್ಲ.

ಎಲುಬು ಉದ್ದಕ್ಕೆ ಬೆಳೆಯುವುದು ತುದಿಯ ಹತ್ತಿರ ಇರುವ ಒಂದು ಮೆದು ಪದರದಲ್ಲಿ. ಡಾಕ್ಟರು ಅದಕ್ಕೆ ಗ್ರೋತ್ ಪ್ಲೇಟ್ ಅನ್ನುತ್ತಾರೆ. ಹುಡುಗಿಯರಲ್ಲಿ ಸುಮಾರು 14-16, ಹುಡುಗರಲ್ಲಿ 16-18 ವರ್ಷದ ಹೊತ್ತಿಗೆ ಅದು ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಅದನ್ನು ನಡೆಸುವುದು ಹಾರ್ಮೋನು. ಭಾರ ಬಿದ್ದರೆ ಪದರ ಅಮುಕಿಹೋಗುತ್ತದೆ ಅನ್ನುವವರು ಓಟವನ್ನು ಒಮ್ಮೆ ಯೋಚಿಸಲಿ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು-ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಕಟ್ಟೆ ಮೇಲಿಂದ ಧುಮುಕಿದರೆ ಇನ್ನೂ ಜಾಸ್ತಿ. 50 ಕೆ.ಜಿ. ಹುಡುಗ ಓಡುತ್ತಿದ್ದರೆ ಅವನ ಕಾಲು ಹೆಜ್ಜೆ ಹೆಜ್ಜೆಗೂ 100 ಕೆ.ಜಿ. ದಾಟಿದ ಭಾರ ತಾಳುತ್ತಿರುತ್ತದೆ. ಓಡಬೇಡ ಅಂತ ಯಾರೂ ತಡೆಯುವುದಿಲ್ಲ. 5 ಕೆ.ಜಿ. ಡಂಬೆಲ್ ಕಂಡರೆ ಮಾತ್ರ ಹೆದರುತ್ತಾರೆ.

"ವೇಟ್‌ಲಿಫ್ಟರ್‌ಗಳು ಗಿಡ್ಡ ಇರ್ತಾರಲ್ಲ ಸರ್?" ಇದು ತಪ್ಪದೇ ಬರುವ ಮರುಪ್ರಶ್ನೆ. ಕೈಕಾಲು ಗಿಡ್ಡ ಇದ್ದವರು ಭಾರವನ್ನು ಮೇಲೆತ್ತಬೇಕಾದ ದೂರ ಕಡಿಮೆ. ಹಾಗಾಗಿ ಆ ಆಟದಲ್ಲಿ ಅಂಥವರೇ ಮುಂದೆ ಬರುತ್ತಾರೆ. ಬ್ಯಾಸ್ಕೆಟ್‌ಬಾಲ್ ಆಡಿ ಯಾರೂ ಉದ್ದ ಆಗುವುದಿಲ್ಲ, ಉದ್ದ ಇದ್ದವರು ಅದನ್ನು ಆಡಲು ಬರುತ್ತಾರೆ, ಅಲ್ವಾ?

ಚಿಕ್ಕಂದಿನಿಂದ ಮೂಟೆ ಹೊತ್ತ ಹುಡುಗರು ಬೆಳೆದೇ ಇಲ್ಲ ಅನ್ನುವವರೂ ಇದ್ದಾರೆ. ನಾನೂ ನೋಡಿದ್ದೇನೆ. ಅಂಥ ಹುಡುಗರು ನನ್ನ ಕ್ಲಾಸಿನಲ್ಲೇ ಕೂತಿದ್ದರು. ಅವರ ಎತ್ತರ ತಿಂದದ್ದು ಮೂಟೆಯಲ್ಲ, ಹಸಿವು. ಹೊಟ್ಟೆಗೆ ಸಾಲದೆ, ಮೇಲಿಂದ ಮೇಲೆ ಜ್ವರ, ಭೇದಿ ಆಗುತ್ತಿದ್ದರೆ ಮಗು ಬೆಳೆಯುವುದಾದರೂ ಹೇಗೆ? ಮಕ್ಕಳಿಂದ ಮೂಟೆ ಹೊರಿಸುವುದು ತಪ್ಪೇ. ಆ ತಪ್ಪಿನ ಲೆಕ್ಕವೇ ಬೇರೆ.

ಆ ಮೆದು ಪದರಕ್ಕೆ ಪೆಟ್ಟು ಬಿದ್ದು ಮುರಿದರೆ ಬೆಳವಣಿಗೆ ಕೆಡಬಹುದು, ಇಷ್ಟು ಮಾತ್ರ ನಿಜ. ಅದಕ್ಕೇ ಗೆಳೆಯರ ಜೊತೆ ಪಂತ ಕಟ್ಟಿ ಪೈಲ್ವಾನರು ಎತ್ತುವ ಭಾರದ ಸಂಗ್ರಾಣಿ ಕಲ್ಲಿಗೆ ಕೈ ಹಾಕುವುದು ಬೇಡ. ಹಗುರ ತೂಕದಿಂದ ಶುರು ಮಾಡಲಿ, ಹೇಳಿಕೊಡುವವರು ಪಕ್ಕದಲ್ಲಿರಲಿ.

ಎಲುಬಿಗೆ ಭಾರ ಬೇಕೇ ಬೇಕು. ಭಾರ ಬಿದ್ದಾಗ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಒಳಗಿನ ಜೀವಕೋಶಗಳಿಗೆ ಅದು ತಿಳಿಯುತ್ತದೆ, ಅಲ್ಲಿ ಹೊಸ ಎಲುಬು ಕಟ್ಟುತ್ತದೆ. ಟೆನಿಸ್ ಆಡುವವರ ರ‍್ಯಾಕೆಟ್ ಹಿಡಿಯುವ ತೋಳಿನ ಎಲುಬು ಇನ್ನೊಂದು ತೋಳಿನದಕ್ಕಿಂತ ದಪ್ಪ ಇರುತ್ತದೆ. ಚಿಕ್ಕಂದಿನಲ್ಲೇ ಆಡಲು ಶುರು ಮಾಡಿದವರಲ್ಲಿ ಈ ವ್ಯತ್ಯಾಸ ಜಾಸ್ತಿ. ಕಾಲುವೆಯಲ್ಲಿ ಈಜುವುದು, ಸೈಕಲ್ ತುಳಿಯುವುದು ಉಸಿರಿಗೆ ಒಳ್ಳೆಯದು. ಎಲುಬಿಗೆ ಜಿಗಿತ, ಓಟ ಬೇಕು.

ಇಷ್ಟು ವರ್ಷದಲ್ಲಿ ಎಲ್ಲರೂ ಕೇಳಿದ್ದು ಮಗನ ಬಗ್ಗೆ. ಮಗಳ ಎಲುಬಿನ ಬಗ್ಗೆ ಒಬ್ಬರೂ ಕೇಳಿಲ್ಲ. ಹುಡುಗಿಯರ ಎಲುಬಿಗೆ ಸುಣ್ಣದಂಶ ಅತಿ ವೇಗವಾಗಿ ಸೇರುವುದು 12-13ನೇ ವಯಸ್ಸಿನ ಸುಮಾರಿಗೆ, ಹುಡುಗರಿಗಿಂತ ಒಂದೂವರೆ ವರ್ಷ ಮೊದಲು. ಸರಿಯಾಗಿ ಅದೇ ಹೊತ್ತಿಗೆ ನಮ್ಮಲ್ಲಿ "ದೊಡ್ಡಾಕಿ ಆದಳು" ಅಂತ ಮೈದಾನ ಬಿಡಿಸುತ್ತಾರೆ. ಕುಂಟೆಬಿಲ್ಲೆಯಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದ ಹುಡುಗಿ ಎಂಟನೇ ಕ್ಲಾಸಿಗೆ ಬಂದು ಗೋಡೆಗೆ ಒರಗಿ ನಿಂತಾಗ ನನಗೆ ಸಂಕಟವಾಗುತ್ತದೆ. ಮೈದಾನಕ್ಕೆ ಕಳಿಸಲು ಮನೆಯವರು ಒಪ್ಪದಿದ್ದರೆ ಅಂಗಳದಲ್ಲೇ ಹಗ್ಗದಾಟ ಆಡಲಿ. ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ.

ಊಟದ ಮಾತೂ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಸುಣ್ಣದಂಶ ಇದೆ. ನಾವು ದಿನಾ ತಿನ್ನುವ ಜೋಳದಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ರೊಟ್ಟಿ ಬಿಡಬೇಕಿಲ್ಲ, ಜೊತೆಗೆ ರಾಗಿ ಅಂಬಲಿ, ಮೊಸರು ಇರಲಿ. ಆ ಮೊಸರು ಅಣ್ಣನ ತಟ್ಟೆಗೆ ಬಿದ್ದಷ್ಟೇ ಅವಳ ತಟ್ಟೆಗೂ ಬೀಳಲಿ.